ಗಾಲಿಯ ತಲೆದಿಂಬು



ಕಳೆದ ಸಂಚಿಕೆಯಲ್ಲಿ ಪ್ರೆಶರ್ ಕುಕ್ಕರಿನ ಸೀಟಿಯ ವಿಷಯ ಬರೆದಿದ್ದೆನಷ್ಟೆ. ಅದನ್ನೋದಿದ ಸೊಲ್ಲಾಪುರದ ವಾಚಕರೊಬ್ಬರು, "ಅಡಿಗೆಮನೆಯಿಂದ ಒಮ್ಮೆ ಹೊರಗೆ ಬನ್ನಿರಿ, ಗಂಡಸರಿಗೂ ಒಂದಿಷ್ಟು ಬರೆಯಿರಿ" ಎಂದು ಕಾಗದ ಹಾಕಿದ್ದಾರೆ. ಕುಕ್ಕರು ಗಂಡಸರಿಗೆ ಸಂಬಂಧಿಸಿದ್ದಲ್ಲವೆಂದು ಅವರಿಗೆ ಹೇಳಿದವರು ಯಾರೋ ನಾನರಿಯೆ. ಆದರೂ ಅವರ ಮಾತನ್ನು ನಡೆಸಿಕೊಡುವ ಪ್ರಸಂಗ ತಾನಾಗಿಯೇ ಒದಗಿಬಂದಿದೆ. ಈ ಸಲದ ವಿಷಯವೆಂದರೆ ಮೋಟಾರು ಗಾಡಿಯ ಹಿಂದಿನ ಗಾಲಿಯ ಮೇಲೆ ಯಾರ ಕಣ್ಣಿಗೂ ಬೀಳದಂತೆ ಕುಳಿತಿರುವ ಒಂದು ರಬ್ಬರಿನ ತುಂಡು.

ಸಂಗತಿ ಹೀಗಾಯಿತು. ಒಂದು ರವಿವಾರ ಬೆಳಿಗ್ಗೆ ಕೋಥರೂಡಿನಲ್ಲಿರುವ ನನ್ನ ತಂಗಿ ರಿಕ್ಷಾ ಮಾಡಿಕೊಂಡು ಬಂದಿಳಿದಳು. ಚಹಾ ಬೇಡವೆಂದಳು. ನಮ್ಮ ಮನೆತನದಲ್ಲಿ ಚಹಾ ಬೇಡವೆಂದರೆ ವಿಷಯ ಗಂಭೀರವಾಗಿದೆಯೆಂದೇ ಅರ್ಥ.

"ಅಣ್ಣಾ, ಅವಗ ನೀನ ಹೇಳು. ನನ್ನ ಮಾತು ಕೇಳಂಗಿಲ್ಲ. ಆ ಗಾಡಿ ಮಾರಿಬಿಡು ಅನ್ನು" ಎಂದಳು.

ಅವಳ ಒಬ್ಬನೇ ಮಗ ಅಮೆರಿಕದ ಪೋರ್ಟ್‌ಲೆಂಡಿನಲ್ಲಿದ್ದಾನೆ. ಅಲ್ಲಿ ಹಳೆಯದೊಂದು ಕ್ರೀಡಾ ಮೋಟಾರನ್ನು, ಎರಡೇ ಜನ ಕೂಡುವಂಥದನ್ನು, ಕೊಂಡಿದ್ದಾನೆ. ಹೆದ್ದಾರಿಯಿಂದ ಇಳಿದು ಬಲಕ್ಕೆ ತಿರುಗುವ ದಾರಿಯಲ್ಲಿ, ಮಳೆ ಬಿದ್ದು ನಿಂತ ಹೊತ್ತಿನಲ್ಲಿ, ಆ ಗಾಡಿಯ ಹಿಂಭಾಗ ಒಮ್ಮೆಲೆ ಹೊರಕ್ಕೆ ಬೀಸಿ, ಇಡೀ ಗಾಡಿ ಅರ್ಧ ಸುತ್ತು ತಿರುಗಿ ಬಂದ ದಾರಿಗೇ ಮುಖಮಾಡಿ ನಿಂತಿತಂತೆ. ದೈವವಶಾತ್ ಹಿಂದೆ ಯಾರೂ ಇರಲಿಲ್ಲ. ಹುಡುಗ ಇದನ್ನು ನಗೆಯ ಮಾತೆಂದು ತಾಯಿಗೆ ಹೇಳಿದ. ಅವಳು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ.

ಗಾಡಿ ಮಾರಬೇಕೋ ಬೇಡವೋ ಎಂಬ ತೀರ್ಪು ಕೊಡುವ ಮೊದಲು ಅದು ಹಾಗೇಕೆ ಮಾಡಿತೆಂದು ತಿಳಿಯಬೇಕಲ್ಲವೇ? ಪಿಂಪರಿಯ ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ಮೂವತ್ತು ವರ್ಷ ಪೆನ್ಸಿಲು ಸವೆಸಿದವನಿಗೆ ಅಷ್ಟು ಕುತೂಹಲವಾದರೂ ಉಳಿದಿರುತ್ತದೆ. ಅಂದು ರಾತ್ರಿಯೇ ಅಳಿಯನಿಗೆ ಫೋನು ಮಾಡಿದೆ.

ಅವನ ಗಾಡಿ ಮಾಜ್ದಾ ಮಿಯಾಟಾ, 1990ರ ತಯಾರಿಕೆ. ವಾಚಕರಲ್ಲಿ ಬಹುಜನರು ಅದನ್ನು ನೋಡಿರಲಾರರು. ಜಪಾನಿನ ಹಿರೋಶಿಮಾದಲ್ಲಿ ತಯಾರಾಗುವ ಈ ಗಾಡಿ 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಯುರೋಪಿನಲ್ಲಿ ಇದಕ್ಕೆ ಎಂ.ಎಕ್ಸ್.-5 ಎಂದು ಹೆಸರು. 1960ರ ಸುಮಾರಿನ ಇಂಗ್ಲಿಷ್ ಕ್ರೀಡಾ ಮೋಟಾರುಗಳ ಹಗುರತನವನ್ನು ಮರಳಿ ತರಬೇಕೆಂಬುದು ಅದನ್ನು ರೂಪಿಸಿದವರ ಆಸೆ. ತೋಶಿಹಿಕೋ ಹಿರಾಯಿ ಎಂಬ ಎಂಜಿನಿಯರು ಈ ಕೆಲಸದ ಮುಂದಾಳು. ಸವಾರನೂ ಕುದುರೆಯೂ ಒಂದೇ ಎಂಬ ಅರ್ಥದ ಜಪಾನಿ ನುಡಿ ಅವರ ಧ್ಯೇಯವಾಕ್ಯ. ಎಂಜಿನು 1.6 ಲೀಟರಿನದು, ಒಂದು ಟನ್ನಿಗೂ ಕಡಿಮೆ ತೂಕ, ಓಡಿಸುವ ಶಕ್ತಿ ಹಿಂದಿನ ಗಾಲಿಗಳಿಗೆ. 2016ರ ಏಪ್ರಿಲಿನಲ್ಲಿ ಈ ಮಾಲಿಕೆಯ ಹತ್ತು ಲಕ್ಷನೆಯ ಗಾಡಿ ಹೊರಬಂತು. ಅಂದಮೇಲೆ ಇದು ಹುಟ್ಟಾ ಪುಂಡ ಗಾಡಿಯಲ್ಲ, ಸುಲಕ್ಷಣದ್ದೇ. ಯಾರೋ ಅದರ ನಡತೆ ಕೆಡಿಸಿರಬೇಕು.

"ಎಲ್ಲಾ ತಿರುವಿನಾಗೂ ಹಿಂಗ ಮಾಡ್ತದೇನು?" ಎಂದು ಕೇಳಿದೆ.

"ಇಲ್ಲ ಮಾಮಾ, ಬಲಕ್ಕ ತಿರುಗುವಾಗ ಅಷ್ಟ. ಎಡಕ್ಕ ತಿರುಗಿದರ ಏನೂ ಆಗಂಗಿಲ್ಲ. ತಗ್ಗು ಬಂದಾಗ ಬಲಗಡೆ ಹಿಂದ ಧಡ್ ಅಂತ ಸಪ್ಪಳ ಬರ್ತದ, ಅಷ್ಟ."

ಈ ಉತ್ತರ ಕೇಳಿ ನನಗೆ ಹುಡುಗನ ಮೇಲೆ ಅಭಿಮಾನವೆನಿಸಿತು. ಬೇನೆ ಎಲ್ಲಿದೆಯೆಂದು ಸರಿಯಾಗಿ ಹೇಳುವ ರೋಗಿ ಸಿಕ್ಕರೆ ವೈದ್ಯನ ಅರ್ಧ ಕೆಲಸ ಮುಗಿದಂತೆ. ಇನ್ನೊಂದು ಸಂಗತಿಯೂ ತಿಳಿಯಿತು. ಹಿಂದಿನ ಮಾಲೀಕನು ಗಾಡಿ ನೆಲಕ್ಕೆ ಹತ್ತಿರವಾಗಿ ಚೆಂದ ಕಾಣಲೆಂದು ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿದ್ದನಂತೆ. ಹಿಂದಿನ ಗಾಲಿಗಳ ಬಂಪ್ ಸ್ಟಾಪುಗಳನ್ನು ಬಿಚ್ಚಿಸಿ ನೋಡೆಂದು ಹೇಳಿ ಫೋನು ಇಟ್ಟೆ.

ಈಗ ಬಂಪ್ ಸ್ಟಾಪೆಂದರೇನೆಂದು ಹೇಳಬೇಕು. ಗಾಲಿಗೂ ಗಾಡಿಯ ಮೈಗೂ ನಡುವೆ ಎರಡು ಮುಖ್ಯ ವಸ್ತುಗಳಿರುತ್ತವೆ. ಒಂದು, ಭಾರ ಹೊರುವ ಸ್ಪ್ರಿಂಗು. ಇನ್ನೊಂದು, ಆ ಸ್ಪ್ರಿಂಗು ಒಮ್ಮೆ ಕುಣಿಯತೊಡಗಿದರೆ ಕುಣಿಯುತ್ತಲೇ ಇರದಂತೆ ಹಿಡಿದಿಡುವ ಷಾಕ್ ಅಬ್ಸಾರ್ಬರು. ಇದು ಎಣ್ಣೆ ತುಂಬಿದ ಕೊಳವೆ. ಅದರೊಳಗೆ ಹೋಗಿ ಬಂದು ಮಾಡುವ ಒಂದು ಉಕ್ಕಿನ ದಂಡ. ಈ ಗಾಡಿಯಲ್ಲಿ ದಂಡದ ಮೇಲ್ತುದಿಗೆ, ಕೈಗೆ ಬಳೆ ಏರಿಸಿದ ಹಾಗೆ, ಒಂದು ಮೆತ್ತನೆಯ ತುಂಡನ್ನು ಪೋಣಿಸಿರುತ್ತಾರೆ. ದೊಡ್ಡ ತಗ್ಗು ಬಂದು ಗಾಲಿ ಬಹಳ ಮೇಲಕ್ಕೆದ್ದಾಗ ಕೊಳವೆಯ ಹಣೆ ಹೋಗಿ ಈ ತುಂಡಿಗೆ ಒರಗುತ್ತದೆ. ಲೋಹಕ್ಕೆ ಲೋಹ ಬಡಿಯುವುದು ತಪ್ಪುತ್ತದೆ. ಇದೇ ಬಂಪ್ ಸ್ಟಾಪು. ನಮ್ಮ ಗ್ಯಾರೇಜುಗಳಲ್ಲಿ ಬಂಪ್ ಸ್ಟಾಪರು ಎನ್ನುತ್ತಾರೆ. ನಾನು ಇದನ್ನು ಗಾಲಿಯ ತಲೆದಿಂಬು ಎನ್ನುವೆನು.

ನಾಲ್ಕು ದಿನದಲ್ಲಿ ಅಳಿಯನ ವರದಿ ಬಂತು. ಎಡಗಡೆಯ ತುಂಡು ಹೊಸದರಂತೆ ಗಟ್ಟಿಮುಟ್ಟಾಗಿ, ಪೂರ್ತಿ ಉದ್ದಕ್ಕೆ ಇದೆ. ಬಲಗಡೆಯದು ಹಳೆಯ ಹಪ್ಪಳದ ಹಾಗೆ ಪುಡಿಯಾಗಿ, ಬುಡದಲ್ಲಿ ಒಂದು ಚೂರು ಮಾತ್ರ ಉಳಿದಿದೆ. ಈ ತುಂಡುಗಳನ್ನು ಬಹುಮಟ್ಟಿಗೆ ಪಾಲಿಯುರೆಥೇನ್ ಎಂಬ ವಸ್ತುವಿನ ನೊರೆಯಿಂದ ಮಾಡಿರುತ್ತಾರೆ. 1937ರಲ್ಲಿ ಜರ್ಮನಿಯ ಆಟೋ ಬಾಯರ್ ಮತ್ತು ಅವನ ಸಂಗಡಿಗರು ಕಂಡುಹಿಡಿದ ಈ ವಸ್ತು ಬಹಳ ಉಪಯುಕ್ತವಾದುದಾದರೂ ಅದರ ನೊರೆಯು ವರುಷಗಟ್ಟಲೆ ತೇವ ಕುಡಿದರೆ ಒಳಗಿಂದೊಳಗೆ ಸಡಿಲಾಗಿ ಉದುರಿಹೋಗುತ್ತದೆ. ಎಡಗಡೆಯ ಷಾಕ್ ಅಬ್ಸಾರ್ಬರನ್ನು ಮಾತ್ರ ಎಂದೋ ಬದಲಿಸಿ, ಅದರೊಡನೆ ಹೊಸ ತುಂಡನ್ನು ಹಾಕಿದ್ದರಿಂದ ಅದೊಂದು ಉಳಿದಿತ್ತು.

ನಮ್ಮ ಅಳಿಯರಾಯರು ಕೂಡಲೇ ತರ್ಕ ಹೂಡಿದರು:

"ಮಾಮಾ, ಬಲಕ್ಕ ತಿರುಗುವಾಗ ಭಾರ ಎಡಗಾಲಿ ಮ್ಯಾಲೆ ಬರ್ತದ. ಅಲ್ಲಿ ರಬ್ಬರ್ ಅದ, ಅಲ್ಲೇ ತ್ರಾಸು. ಎಡಕ್ಕ ತಿರುಗುವಾಗ ಬಲಗಾಲಿ ಮ್ಯಾಲೆ ಭಾರ. ಅಲ್ಲಿ ರಬ್ಬರ್ ಇಲ್ಲ, ತ್ರಾಸೂ ಇಲ್ಲ. ಅಂದಮ್ಯಾಲೆ ಎಡಗಡೆದೂ ಕಿತ್ತು ಒಗದ್ರ ಮುಗೀತಲ್ಲ?"

ನೋಡಿರಿ, ತರ್ಕದಲ್ಲಿ ಎಲ್ಲಿಯೂ ದೋಷವಿಲ್ಲ. ಆದರೂ ಹಾಗೆ ಮಾಡಿದ್ದರೆ ಮುಂದಿನ ಸಲ ತಾಯಿಗೆ ನಗುತ್ತ ಹೇಳಲು ಅವನಿಗೆ ಬಾಯಿ ಉಳಿಯುತ್ತಿತ್ತೋ ಇಲ್ಲವೋ! ಅರ್ಧ ಸತ್ಯವು ಪೂರ್ಣ ಸುಳ್ಳಿಗಿಂತ ಹೆಚ್ಚು ಅಪಾಯದ್ದೆಂದು ಹಿರಿಯರು ಹೇಳುವುದು ಇದಕ್ಕೇ.

ಮೊದಲು ಎಡಗಡೆಯ ತ್ರಾಸಿನ ಕಾರಣ ನೋಡೋಣ. ಬಂಪ್ ಸ್ಟಾಪು ಬರಿಯ ತಡೆಯಲ್ಲ, ಅದೂ ಒಂದು ಸ್ಪ್ರಿಂಗೇ. ರಬ್ಬರಿನಿಂದ ಗಾಡಿಯ ಭಾರವನ್ನೇ ಹೊರಿಸಬಹುದೆಂಬುದನ್ನು 1959ರಲ್ಲಿ ಹೊರಬಂದ ಇಂಗ್ಲೆಂಡಿನ ಮಿನಿ ಗಾಡಿ ತೋರಿಸಿಕೊಟ್ಟಿತು. ಅದರಲ್ಲಿ ಉಕ್ಕಿನ ಸ್ಪ್ರಿಂಗುಗಳ ಬದಲು ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರಿನ ಶಂಕುಗಳಿದ್ದವು. ಆದರೆ ಉಕ್ಕಿನ ಸುರುಳಿಗೂ ಈ ತುಂಡಿಗೂ ಸ್ವಭಾವದಲ್ಲಿ ಭೇದವಿದೆ. 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮವನ್ನು ಶಾಲೆಯಲ್ಲಿ ಓದಿದ್ದೀರಿ: ಎಷ್ಟು ಒತ್ತುವೆವೋ ಸ್ಪ್ರಿಂಗು ಅಷ್ಟು ಕುಗ್ಗುತ್ತದೆ, ಇಮ್ಮಡಿ ಒತ್ತಿದರೆ ಇಮ್ಮಡಿ ಕುಗ್ಗುತ್ತದೆ. ಉಕ್ಕಿನ ಸುರುಳಿ ಈ ನಿಯಮವನ್ನು ವಿಧೇಯವಾಗಿ ಪಾಲಿಸುತ್ತದೆ. ನೊರೆಯ ತುಂಡು ಹಾಗಲ್ಲ. ಮೊದಮೊದಲು ಸುಮ್ಮನೆ ಒಪ್ಪಿಕೊಂಡು ಕುಗ್ಗುತ್ತದೆ, ಒಳಗಿನ ಗಾಳಿಗುಳ್ಳೆಗಳೆಲ್ಲ ಒತ್ತಿಹೋದ ಮೇಲೆ ಕಲ್ಲಿನಂತಾಗುತ್ತದೆ. ಒಳ್ಳೆಯ ಸ್ವಭಾವದ ಮನುಷ್ಯನು ಒಮ್ಮೆ ಸಿಟ್ಟಿಗೆದ್ದ ಹಾಗೆ.

ಗಾಡಿ ತಗ್ಗಿಸಿದಾಗ ಆದದ್ದೇನೆಂದರೆ, ಕೊಳವೆಯ ಹಣೆಗೂ ತುಂಡಿಗೂ ನಡುವಿನ ತೆರಪು ಮಾಯವಾಯಿತು. ಲೆಕ್ಕ ಸುಲಭವಾಗಲೆಂದು, ಮೊದಲು ತೆರಪು 40 ಮಿಲಿಮೀಟರು ಇತ್ತೆಂದು ತಿಳಿಯಿರಿ. ಗಾಲಿ 4 ಮಿಲಿಮೀಟರು ಏರಿದರೆ ದಂಡ 3 ಮಿಲಿಮೀಟರು ಸರಿಯುತ್ತದೆಂದು ಇಟ್ಟುಕೊಳ್ಳಿ. ಗಾಡಿಯನ್ನು 40 ಮಿಲಿಮೀಟರು ತಗ್ಗಿಸಿದರೆ ತೆರಪಿನಲ್ಲಿ 30 ಹೋಯಿತು, ಉಳಿದದ್ದು 10. ಇಷ್ಟರಲ್ಲಿ ಗಾಡಿ ತಿರುವಿನಲ್ಲಿ ಸ್ವಲ್ಪ ವಾಲಿದರೂ ಸಾಕು, ಹೊರಗಿನ ಹಿಂಗಾಲಿ ಹೋಗಿ ತುಂಡಿಗೆ ಒರಗುತ್ತದೆ. ಮೆತ್ತಗಿದ್ದ ಹಿಂಭಾಗ ಒಮ್ಮೆಲೆ ಗಡಸಾಗುತ್ತದೆ.

ಗಡಸಾದರೆ ಬಾಲ ಏಕೆ ಬೀಸಬೇಕು? ಇಲ್ಲಿ ಎತ್ತುಗಳ ಉಪಮೆ ನೆರವಿಗೆ ಬರುತ್ತದೆ. ಎರಡೆತ್ತು ಸಮನಾಗಿ ಎಳೆದರೆ ಬಂಡಿ ಸಾಗುತ್ತದೆ. ಒಂದರ ನೊಗ ಹಗುರ ಮಾಡಿ ಇನ್ನೊಂದರ ಮೇಲೆ ಎಲ್ಲ ಭಾರ ಹೇರಿದರೆ, ಆ ಒಂದೆತ್ತು ಎರಡೆತ್ತಿನ ಕೆಲಸ ಮಾಡುವುದಿಲ್ಲ. ಟೈರುಗಳ ಸಂಗತಿಯೂ ಇದೇ. ಭಾರ ಹೆಚ್ಚಿದಂತೆ ಟೈರಿನ ಹಿಡಿತ ಹೆಚ್ಚುವುದು ನಿಜ. ಆದರೆ ಇಮ್ಮಡಿ ಭಾರಕ್ಕೆ ಇಮ್ಮಡಿ ಹಿಡಿತ ಬರುವುದಿಲ್ಲ, ಅದಕ್ಕಿಂತ ಕಡಿಮೆ ಬರುತ್ತದೆ. ಮುಂದಿನ ಗಾಲಿಗಳ ತುಂಡು ಇನ್ನೂ ತಾಕದೆ, ಹಿಂದಿನ ಹೊರಗಾಲಿಯದು ಮಾತ್ರ ತಾಕಿದಾಗ, ವಾಲುವಿಕೆಯನ್ನು ತಡೆಯುವ ಹೊಣೆಯ ಬಹುಪಾಲು ಹಿಂದಕ್ಕೆ ಬೀಳುತ್ತದೆ. ಹಿಂದಿನ ಹೊರಗಾಲಿ ಮಿತಿಮೀರಿ ಹೊರುತ್ತದೆ, ಒಳಗಾಲಿ ತೇಲಿದಂತಾಗುತ್ತದೆ. ಎರಡೂ ಸೇರಿದ ಹಿಡಿತ ಕುಸಿಯುತ್ತದೆ. ಬಾಲ ಹೊರಕ್ಕೆ ಹೋಗುತ್ತದೆ. ಮುಂದಿನ ತುಂಡುಗಳು ಮೊದಲು ತಾಕಿದ್ದರೆ ಇದರ ವಿರುದ್ಧವಾಗುತ್ತಿತ್ತು. ಮೂತಿ ತಿರುಗಲೊಲ್ಲದೆ ನೇರಕ್ಕೆ ಜಗ್ಗುತ್ತಿತ್ತು.

ಅದರ ಮೇಲೆ ನಮ್ಮ ಹುಡುಗ ಗಾಬರಿಯಿಂದ ಆಕ್ಸಿಲರೇಟರಿನ ಮೇಲಿನ ಕಾಲನ್ನು ಪಟ್ಟನೆ ತೆಗೆದನಂತೆ. ಹಾಗೆ ಮಾಡಿದಾಗ ಗಾಡಿಯ ಭಾರ ಮುಂದಕ್ಕೆ ಸರಿದು, ಮೊದಲೇ ಸಡಿಲಾಗಿದ್ದ ಹಿಂಭಾಗ ಇನ್ನಷ್ಟು ಹಗುರವಾಗುತ್ತದೆ. ರಸ್ತೆ ಒದ್ದೆಯಾಗಿತ್ತೆಂಬುದನ್ನು ಮರೆಯಬೇಡಿರಿ. ಇಷ್ಟೆಲ್ಲ ಒಂದು ಕ್ಷಣದಲ್ಲಿ ಸೇರಿದವು.

ಹಾಗಾದರೆ ಬಲಗಡೆಯ ಹಾಗೆ ಎಡಗಡೆಯೂ ತುಂಡಿಲ್ಲದಿದ್ದರೆ ಆಗದೇಕೆ? ಅವನೇ ಹೇಳಿದ್ದನಲ್ಲ, ಧಡ್ ಎಂಬ ಸಪ್ಪಳ! ಅದು ಷಾಕ್ ಅಬ್ಸಾರ್ಬರಿನ ಒಳಗೆ ದಂಡದ ಕೊರಡು ತಳಕ್ಕೆ ಬಡಿಯುವ ಸದ್ದು. ತುಂಡಿದ್ದಾಗ ಗಡಸುತನ ಬೇಗ ಬರುತ್ತದೆ ನಿಜ. ತುಂಡಿಲ್ಲದಾಗ ಅದು ತಡವಾಗಿ ಬರುತ್ತದೆ, ಆದರೆ ಬಂದಾಗ ಉಕ್ಕಿಗೆ ಉಕ್ಕು ಬಡಿದಂತೆಯೇ ಬರುತ್ತದೆ. ಎಡತಿರುವಿನಲ್ಲಿ ಒಂದು ದೊಡ್ಡ ತಗ್ಗು ಎದುರಾಗಿರಲಿಲ್ಲವೆಂಬುದಷ್ಟೇ ಅವನ ಪುಣ್ಯ. ಮೇಲಾಗಿ ಷಾಕ್ ಅಬ್ಸಾರ್ಬರು ಒಡೆದು ಎಣ್ಣೆ ಸೋರುತ್ತದೆ, ಟೈರು ಮೇಲಿನ ತಗಡಿಗೆ ಉಜ್ಜುತ್ತದೆ. ದಿಂಬು ಎತ್ತರವಾಗಿ ಕುತ್ತಿಗೆ ನೋಯುತ್ತದೆಂದು ದಿಂಬು ಎಸೆದು ಕಲ್ಲಿಗೆ ತಲೆ ಕೊಡುವವರುಂಟೇ?

ಎಸೆಯಬಾರದು, ತಿದ್ದಬೇಕು. ತಿದ್ದುವುದೆಂದರೆ ತೆರಪು ಮರಳಿ ಬರುವಷ್ಟು ತುಂಡನ್ನು ಗಿಡ್ಡ ಮಾಡುವುದು, ಅಥವಾ ತಗ್ಗಿಸಿದ ಗಾಡಿಗೆಂದೇ ಮಾಡಿದ ಗಿಡ್ಡ ತುಂಡನ್ನು ಕೊಳ್ಳುವುದು. ಎರಡನೆಯದೇ ಮೇಲು. ಕತ್ತರಿಸುವುದಾದರೆ ಮೂರು ಮಾತು ನೆನಪಿಡಬೇಕು.

ಮೊದಲನೆಯದು, ಕತ್ತರಿಸಿದ ತುಂಡು ಮೆತ್ತಗಾಗುವುದಿಲ್ಲ, ಗಡಸಾಗುತ್ತದೆ. ಇದು ಅನೇಕರಿಗೆ ಸೋಜಿಗವೆನಿಸೀತು. ಹತ್ತು ಸುತ್ತಿನ ಸ್ಪ್ರಿಂಗನ್ನು ಐದು ಸುತ್ತಿಗೆ ಕತ್ತರಿಸಿದರೆ ಅದು ಇಮ್ಮಡಿ ಗಡಸಾಗುತ್ತದೆ, ಏಕೆಂದರೆ ಕುಗ್ಗುವುದಕ್ಕೆ ಇರುವ ಸುತ್ತುಗಳೇ ಅರ್ಧ. ಉದ್ದಕ್ಕೂ ಒಂದೇ ದಪ್ಪದ 60 ಮಿಲಿಮೀಟರಿನ ತುಂಡನ್ನು 40ಕ್ಕೆ ಇಳಿಸಿದರೆ ಅದು ಒಂದೂವರೆ ಪಟ್ಟು ಗಡಸು. ತಾಕುವುದು ತಡವಾಗುತ್ತದೆ, ಆದರೆ ತಾಕಿದ ಮೇಲೆ ದಯೆ ಕಡಿಮೆ.

ಎರಡನೆಯದು, ಮೊನೆಯನ್ನು ಕತ್ತರಿಸಬಾರದು. ತುಂಡಿನ ಒಂದು ತುದಿ ಸಣ್ಣಗಾಗುತ್ತ ಬಂದಿರುತ್ತದೆ. ಮೊದಲ ಸ್ಪರ್ಶ ಮೃದುವಾಗಿರಲೆಂದೇ ಹಾಗೆ ಮಾಡಿರುತ್ತಾರೆ. ಅದನ್ನು ತೆಗೆದರೆ ಗಾಲಿ ಬಂದು ಬಡಿಯುವುದು ನೇರ ದಪ್ಪ ಭಾಗಕ್ಕೆ. ಬುಡದ ಕಡೆಯಿಂದ, ಸುತ್ತಲಿರುವ ತೋಡಿನ ಗುರುತು ಹಿಡಿದು, ಎರಡೂ ಬದಿಗೆ ಒಂದೇ ಅಳತೆಯಲ್ಲಿ ಕತ್ತರಿಸಬೇಕು.

ಮೂರನೆಯದು, ಗಾಲಿ ಮೊದಲಿಗಿಂತ ಎಷ್ಟು ಹೆಚ್ಚು ಮೇಲೇರುವುದೆಂದು ಲೆಕ್ಕ ಹಾಕಬೇಕು. ಪೂರ್ತಿ ಒತ್ತಿದಾಗ ತುಂಡು ತನ್ನ ಉದ್ದದ ಐದರಲ್ಲಿ ಎರಡು ಪಾಲಿಗೆ ಇಳಿಯುವುದೆಂದು ಹಿಡಿದರೆ, 60ರದು 24 ಆಗುತ್ತದೆ, 40ರದು 16. ವ್ಯತ್ಯಾಸ 8. ಮೇಲಿನ ಲೆಕ್ಕದಂತೆ ಗಾಲಿ ಸುಮಾರು 11 ಮಿಲಿಮೀಟರು ಹೆಚ್ಚು ಮೇಲೇರುತ್ತದೆ. ಅಷ್ಟಕ್ಕೆ ಟೈರು ತಗಡಿಗೆ ತಾಕದೇ? ದಂಡ ತಳ ಮುಟ್ಟದೇ? ಸ್ಪ್ರಿಂಗು ತೆಗೆದಿಟ್ಟು, ಜಾಕಿನಿಂದ ಗಾಲಿಯನ್ನು ಅಲ್ಲಿಯವರೆಗೆ ಎತ್ತಿ ಕಣ್ಣಾರೆ ನೋಡಬೇಕು. ಸ್ಪ್ರಿಂಗು ತೆಗೆಯುವುದು ಮಾತ್ರ ಪಳಗಿದ ಕೈಯ ಕೆಲಸ. ಒತ್ತಿ ಹಿಡಿದ ಸ್ಪ್ರಿಂಗು ತಪ್ಪಿಸಿಕೊಂಡರೆ ಮೂಳೆ ಮುರಿಯುವುದಷ್ಟೇ ಅಲ್ಲ, ಪ್ರಾಣವನ್ನೇ ತೆಗೆದೀತು.

ಇಷ್ಟು ಆದಮೇಲೆ ಪರೀಕ್ಷೆಗೆ ಒಂದು ಸರಳ ಉಪಾಯ ಹೇಳಿಕೊಟ್ಟೆ. ವಾಯರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಉಕ್ಕಿನ ದಂಡಕ್ಕೆ ಬಿಗಿಯಾಗಿ ಕಟ್ಟಿ, ಕೊಳವೆಯ ಹಣೆಗೆ ತಾಗುವಂತೆ ಇಳಿಸಿ, ದಿನದ ದಾರಿಯಲ್ಲಿ ನಿಧಾನವಾಗಿ ಹೋಗಿ ಬರಬೇಕು. ಗಾಲಿ ಎಷ್ಟು ಏರಿತೋ ಪಟ್ಟಿ ಅಷ್ಟು ಮೇಲಕ್ಕೆ ಸರಿದು ಅಲ್ಲಿಯೇ ನಿಂತಿರುತ್ತದೆ. ಹತ್ತು ರೂಪಾಯಿಯೂ ಬೀಳದ ಸಾಕ್ಷಿ, ಸುಳ್ಳು ಹೇಳುವುದಿಲ್ಲ.

ಅಳಿಯ ಕತ್ತರಿಸುವ ಗೊಡವೆಗೆ ಹೋಗದೆ ಎರಡೂ ಬದಿಗೆ ಗಿಡ್ಡ ತುಂಡುಗಳನ್ನೂ ಹೊಸ ಷಾಕ್ ಅಬ್ಸಾರ್ಬರುಗಳನ್ನೂ ಹಾಕಿಸಿದ. ನನ್ನ ಒತ್ತಾಯಕ್ಕೆ ಸ್ಪ್ರಿಂಗುಗಳನ್ನು ಬದಲಿಸಿ ಗಾಡಿಯನ್ನು ಅರ್ಧದಷ್ಟಾದರೂ ಮೇಲೆತ್ತಿಸಿದ. ಸವೆದ ಟೈರುಗಳನ್ನು ತೆಗೆಸಿದ. ಪಟ್ಟಿ ಕಟ್ಟಿ ಓಡಿಸಿ ಫೋಟೋ ಕಳಿಸಿದ. ಎಡಬಲ ಎರಡರಲ್ಲಿಯೂ ಗುರುತು ಸಮನಾಗಿತ್ತು, ದಿನದ ದಾರಿಯಲ್ಲಿ ಎಲ್ಲಿಯೂ ತುಂಡಿಗೆ ಮುಟ್ಟಿರಲಿಲ್ಲ.

ಇದೆಲ್ಲ ಅಮೆರಿಕದ ಕಥೆ, ನಮಗೇನು ಎನ್ನಬೇಡಿರಿ. ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಡುವ ನಮ್ಮ ಗಾಡಿಗಳನ್ನು ಒಮ್ಮೆ ನೆನೆಯಿರಿ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಉಂಡಿಯ ಡಬ್ಬಿ, ಅಕ್ಕನಿಗೆಂದು ಕೊಂಡ ಮಿಕ್ಸರು, ಮೇಲಟ್ಟದಲ್ಲಿ ಎರಡು ಸೂಟ್‌ಕೇಸು. ಗಾಡಿಯ ಹಿಂಭಾಗ ಕುಸಿದು ಕೂತಿರುತ್ತದೆ. ಯಾರೂ ಗಿಡ್ಡ ಸ್ಪ್ರಿಂಗು ಹಾಕಿಸಿಲ್ಲ, ಆದರೂ ತೆರಪು ಮಾಯವಾಗಿರುತ್ತದೆ. ಖಂಬಾಟಕಿ ಘಾಟಿನ ತಿರುವಿನಲ್ಲಿ ಆ ಗಾಡಿ ಖಾಲಿ ಇದ್ದಾಗಿನಂತೆ ನಡೆದುಕೊಳ್ಳುವುದಿಲ್ಲ. ಹಿಂದಿನಿಂದ ಗುದ್ದಿದಂತಾದರೆ ಅದು ರಸ್ತೆಯ ತಪ್ಪೊಂದೇ ಅಲ್ಲ, ಭಾರ ಇಳಿಸೆಂದು ದಿಂಬು ಕೂಗಿಕೊಳ್ಳುವ ಸದ್ದು. ಭಾರ ಕಡಿಮೆ ಮಾಡಿರಿ. ಟೈರಿನ ಗಾಳಿಯನ್ನು ತಯಾರಕರು ತುಂಬಿದ ಗಾಡಿಗೆಂದು ಬರೆದಿರುವ ಅಳತೆಗೆ ತನ್ನಿರಿ. ವೇಗ ಇಳಿಸಿರಿ. ಷಾಕ್ ಅಬ್ಸಾರ್ಬರು ಬದಲಿಸುವಾಗ ಎರಡೂ ಬದಿಯದನ್ನು ಕೂಡಿಯೇ ಬದಲಿಸಿ, ಒಳಗಿನ ತುಂಡು ಇದೆಯೋ ಉದುರಿದೆಯೋ ಎಂದು ಎದುರಿಗೆ ನಿಂತು ನೋಡಿರಿ. ಇನ್ನು ಗಾಡಿಯನ್ನು ತಗ್ಗಿಸಬೇಕೆನ್ನುವ ಮನೆಯ ತರುಣರಿಗೆ ಒಂದು ಮಾತು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟುಗಳನ್ನು ತಡೆಯುತ್ತದೆ. ದಂಡ ತೆರುವ ಮೊದಲು ವಿಚಾರಿಸಿಕೊಳ್ಳುವುದು ಲೇಸು.

ತಂಗಿಯನ್ನು ಕರೆಸಿ ಫೋಟೋ ತೋರಿಸಿದೆ. ದಂಡ, ಕೊಳವೆ, ಪಟ್ಟಿಯ ಗುರುತು, ಎಲ್ಲ ವಿವರಿಸಿದೆ. ಅವಳು ಸಾವಧಾನವಾಗಿ ಕೇಳಿ, "ಅಂದ್ರ ಇನ್ನ ತಿರುಗಂಗಿಲ್ಲಲ್ಲ ಗಾಡಿ?" ಎಂದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮೊದಲಿನಂಗ ಹೇಳದ ಕೇಳದ ತಿರುಗಂಗಿಲ್ಲ. ಆದರ ಮಳ್ಯಾಗ ಜೋರ್ ಹೋದರ ಯಾವ ಗಾಡಿನೂ ತಿರುಗ್ತದವ್ವಾ" ಎಂದೆ.

"ಹಂಗಾರ ನಿಧಾನ ಹೋಗು ಅಂತ ಹೇಳಿದ್ಯೋ ಇಲ್ಲೋ ಅವಗ?"

ಮೂರು ವಾರ ಮಾತಾಡಿದ್ದೆವು. ಮಿಲಿಮೀಟರಿನ ಲೆಕ್ಕ ಕಾಗದದ ಮೇಲೆ ಮಾಡಿ ಕಳಿಸಿದ್ದೆ. ಅದೊಂದು ಮಾತು ಮಾತ್ರ ನನಗೆ ಹೊಳೆದೇ ಇರಲಿಲ್ಲ. ಅವಳು ನನ್ನ ಮುಖ ನೋಡಿ, ಏನೂ ಅನ್ನದೆ, ಫೋನು ಎತ್ತಿಕೊಂಡು ಬಾಲ್ಕನಿಗೆ ಹೋದಳು. ಅಲ್ಲಿಂದಲೇ ಒಳಗೆ ನನ್ನ ಹೆಂಡತಿಗೆ ಕೂಗಿ ಹೇಳಿದಳು:

"ವೈನೀ, ಚಹಾ ಇಡ್ರಿ."

ಮುಂದಿನ ಸಂಚಿಕೆಯಲ್ಲಿ, ಸೊಲ್ಲಾಪುರದ ಮಹನೀಯರು ಕ್ಷಮಿಸಬೇಕು, ಮತ್ತೆ ಮನೆಯೊಳಗೆ ಬಂದು ಹೊಲಿಗೆ ಯಂತ್ರದ ವಿಷಯ ಬರೆಯಬೇಕೆಂದಿದ್ದೇನೆ.